ಹಳೆಯ ಗಾಜಿನ ಗುರುತು ಮತ್ತು ಬೆಲೆ

(ಶತಮಾನೋತ್ಸವದ ಅಂಗವಾಗಿ ಸಭಾಭವನದಲ್ಲಿ ಏರ್ಪಡಿಸಿದ್ದ ಹಳೆಯ ಮನೆವಸ್ತುಗಳ ಪ್ರದರ್ಶನದ ಎರಡನೆಯ ದಿನ ನೀಡಿದ ಉಪನ್ಯಾಸದ ಪಠ್ಯ)



ಶತಮಾನೋತ್ಸವ ಸಮಿತಿಯವರು ನನಗೊಪ್ಪಿಸಿದ ಕೆಲಸ ಸುಲಭವೆಂದೇ ಮೊದಲು ಭಾವಿಸಿದ್ದೆ. ಮನೆಮನೆಗಳಿಂದ ಬಂದ ಗಾಜಿನ ಸಾಮಾನುಗಳನ್ನು ನೋಡಿ, ಯಾವುದು ಎಲ್ಲಿಯದು, ಎಷ್ಟು ಹಳೆಯದು, ಬೆಲೆಯೇನು ಎಂಬುದನ್ನು ಒಂದೊಂದು ಚೀಟಿಯಲ್ಲಿ ಬರೆದು ಅಂಟಿಸಬೇಕು ಎಂದು ಅವರು ಹೇಳಿದ್ದರು. ನಿನ್ನೆ ಬೆಳಿಗ್ಗೆ ಬಂದು ನೋಡುತ್ತೇನೆ, ಚೀಟಿಗಳು ಆಗಲೇ ಅಂಟಿಕೊಂಡಿವೆ! ತಂದವರೇ ಬರೆದಿದ್ದಾರೆ. ಎಣಿಸಿದೆ. 38 ವಸ್ತುಗಳಲ್ಲಿ 26ರ ಮೇಲೆ 'ಬೆಲ್ಜಿಯಂ' ಎಂದಿದೆ. ಒಂದು ನೀಲಿ ತಟ್ಟೆಯ ತಳದಲ್ಲಿ ನವಿಲಿನ ತಲೆಯ ಮುದ್ರೆಯಿರುವುದನ್ನು ಕಂಡ ಮಹನೀಯರೊಬ್ಬರು ಅದನ್ನು ಮೈಸೂರು ಅರಮನೆಯದೆಂದು ಬರೆದಿದ್ದಾರೆ. ಆ ನವಿಲಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಯಾರನ್ನೂ ಗೇಲಿ ಮಾಡಲು ನಾನಿದನ್ನು ಹೇಳುತ್ತಿಲ್ಲ. ಗೇಲಿಗೆ ಮೊದಲ ಅರ್ಹನು ನಾನೇ. ನಮ್ಮ ಮನೆಯಲ್ಲಿ ಒಂದು ಹಣ್ಣಿನ ಬೋಗುಣಿಯಿತ್ತು. ಅಜ್ಜ ಬೊಂಬಾಯಿಯಿಂದ ತಂದದ್ದು. ಕ್ರಿಸ್ಮಸ್ ಬಂದಾಗ ಅದರಲ್ಲಿ ಕುಸ್ವಾರ್ ತುಂಬಿಟ್ಟು ನೆಂಟರ ಮುಂದೆ ಹಿಡಿಯುವುದು ತಾಯಿಯ ಸಂಭ್ರಮ. 1974ರಲ್ಲಿ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ನಾಲ್ಕಕ್ಷರ ಕಲಿತು ರಜೆಗೆ ಬಂದವನು ಆ ಬೋಗುಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಗಾಂಭೀರ್ಯದಿಂದ, "ಅಮ್ಮಾ, ಇದು ಸ್ಫಟಿಕ. ಕೈಯಿಂದ ಕೊರೆದದ್ದು. ಜೋಪಾನ" ಎಂದುಬಿಟ್ಟೆ. ತಾಯಿ ಅಂದಿನಿಂದ ಅದನ್ನು ಬಳಸಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. 1981ರಲ್ಲಿ ತಂಗಿಯ ಮದುವೆಗೆ ಹಣ ಸಾಲದೆ ಬಂದಾಗ, ದೂರದಲ್ಲಿ ಕೆಲಸದಲ್ಲಿದ್ದ ನನಗೂ ತಿಳಿಸದೆ, ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಪೇಟೆಗೆ ಹೋದರು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬನು ಬೋಗುಣಿಯ ಹೊರಮೈಯ ಮೇಲೆ ಹೆಬ್ಬೆರಳು ಎಳೆದು, ಒಂದು ಕಡೆ ನಿಲ್ಲಿಸಿ, "ಅಮ್ಮಾ, ಇದು ಅಚ್ಚಿನದು, ಹದಿನೈದು ರೂಪಾಯಿ ಕೊಡಬಲ್ಲೆ" ಎಂದನಂತೆ. ತಾಯಿ ಅದನ್ನು ಮತ್ತೆ ಸೀರೆಯಲ್ಲಿ ಸುತ್ತಿಕೊಂಡು ಮರಳಿದರು. ನನಗೆ ಒಂದು ಮಾತನ್ನೂ ಹೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ತಂಗಿಯ ಬಾಯಿಂದ ಕೇಳಿದೆ. ವ್ಯಾಪಾರಿ ಹೇಳಿದ್ದು ಸರಿಯಾಗಿತ್ತು. ಅವನ ಹೆಬ್ಬೆರಳಿಗೆ ತಿಳಿದಿದ್ದುದು ನನ್ನ ಪದವಿಗೆ ತಿಳಿದಿರಲಿಲ್ಲ. ಹಳೆಯ ಗಾಜಿನ ವಿಷಯವನ್ನು ನಾನು ನಿಜವಾಗಿ ಕಲಿಯತೊಡಗಿದ್ದು ಆಮೇಲೆ.

ಆ ಹೆಬ್ಬೆರಳು ಏನನ್ನು ಹುಡುಕುತ್ತಿತ್ತು ಎಂಬುದನ್ನು ಹೇಳಬೇಕಾದರೆ ಗಾಜು ಹೇಗೆ ಪಾತ್ರೆಯಾಗುತ್ತದೆಂಬುದನ್ನು ಸ್ವಲ್ಪ ನೋಡಬೇಕು. ಮರಳು, ಸೋಡಾ ಇಲ್ಲವೆ ಪೊಟ್ಯಾಷು, ಸುಣ್ಣ, ಇಷ್ಟನ್ನು ಕುಲುಮೆಯಲ್ಲಿ ಕರಗಿಸಿದರೆ ಜೇನಿನಂತಹ ಪಾಕ ಬರುತ್ತದೆ. ಊದುಕೊಳವೆಯ ತುದಿಗೆ ಆ ಪಾಕವನ್ನು ಹಿಡಿದು ಊದುವುದು ಎರಡು ಸಾವಿರ ವರ್ಷಗಳಷ್ಟು ಹಳೆಯ ವಿದ್ಯೆ. ಊದಿದ ಪಾತ್ರೆಯ ಬಾಯಿಯನ್ನು ತಿದ್ದಬೇಕಾದರೆ ತಳವನ್ನು ಹಿಡಿದುಕೊಳ್ಳಬೇಕಷ್ಟೆ. ಅದಕ್ಕಾಗಿ ತಳಕ್ಕೆ ಪಾಂಟಿಲ್ ಎಂಬ ಕಬ್ಬಿಣದ ಸರಳನ್ನು ಅಂಟಿಸುತ್ತಾರೆ. ಕೆಲಸ ಮುಗಿದಾಗ ಸರಳನ್ನು ಬಡಿದು ಬಿಡಿಸಿದರೆ ತಳದ ನಡುವೆ ಒರಟಾದ ಗಾಯವೊಂದು ಉಳಿಯುತ್ತದೆ, ಮಗುವಿನ ಹೊಕ್ಕಳಿನ ಹಾಗೆ. ಒಳ್ಳೆಯ ಕಾರ್ಖಾನೆಯವರು ಅದನ್ನು ಉಜ್ಜಿ ನಯಗೊಳಿಸುತ್ತಿದ್ದರು. ಆಗ ನಾಣ್ಯದಗಲದ ಒಂದು ಸಣ್ಣ ತಗ್ಗು ಮಾತ್ರ ಕಾಣುತ್ತದೆ. ಆದುದರಿಂದ ಹಳೆಯ ಗಾಜನ್ನು ಬಲ್ಲವರು ಮೊದಲು ಪಾತ್ರೆಯನ್ನು ಮಗುಚಿ ನೋಡುತ್ತಾರೆ. ನಾವು ಹೊಳಪನ್ನು ನೋಡುತ್ತೇವೆ, ಅವರು ಹೊಕ್ಕಳನ್ನು ನೋಡುತ್ತಾರೆ.

1820ರ ದಶಕದಲ್ಲಿ ಅಮೆರಿಕದಲ್ಲಿ ಹೊಸ ಉಪಾಯವೊಂದು ಬೆಳೆಯಿತು. ಕರಗಿದ ಗಾಜನ್ನು ಲೋಹದ ಅಚ್ಚಿಗೆ ಸುರಿದು ಮೇಲಿನಿಂದ ಒತ್ತುಗುಂಡನ್ನು ಇಳಿಸಿ ಅದುಮುವುದು. ಊದುವವನ ಉಸಿರು ಬೇಡ, ಕೊರೆಯುವವನ ವಾರಗಟ್ಟಲೆಯ ದುಡಿಮೆಯೂ ಬೇಡ, ಸಿರಿವಂತರ ಮೇಜಿನ ಮೇಲಿದ್ದಂತಹದೇ ಬೋಗುಣಿ ಬಡವನ ಮನೆಗೂ ಬಂತು. ಹತ್ತು ಹದಿನೈದು ವರ್ಷಗಳಲ್ಲಿ ಅದು ಇಂಗ್ಲೆಂಡಿಗೂ ಯೂರೋಪಿನ ಇತರ ದೇಶಗಳಿಗೂ ಹಬ್ಬಿತು. ಈ ಅಚ್ಚೊತ್ತಿದ ಗಾಜು ಕೊರೆದ ಗಾಜಿನ ವೇಷ ಹಾಕಿಯೇ ಹುಟ್ಟಿದ್ದು. ಆದರೆ ಮೂರು ಕಡೆ ಸಿಕ್ಕಿಬೀಳುತ್ತದೆ. ಅಚ್ಚಿನ ಭಾಗಗಳು ಕೂಡುವಲ್ಲಿ ಕೂದಲೆಳೆಯಂತಹ ಗೆರೆ ಉಳಿಯುತ್ತದೆ. ನನ್ನ ತಾಯಿಯ ಬೋಗುಣಿಯ ಮೇಲೆ ಹೆಬ್ಬೆರಳು ನಿಂತದ್ದು ಅಲ್ಲಿಯೇ. ಎರಡನೆಯದಾಗಿ, ಚಕ್ರದಿಂದ ಕೊರೆದ ಗೀರಿನ ಅಂಚು ಚೂರಿಯಂತೆ ಬೆರಳಿಗೆ ತಾಗುತ್ತದೆ. ಅಚ್ಚಿನಲ್ಲಿ ಬಂದದ್ದರ ಅಂಚು ನೀರಿನಲ್ಲಿ ನೆನೆದ ಸಾಬೂನಿನಂತೆ ದುಂಡಾಗಿರುತ್ತದೆ. ಮೂರನೆಯದಾಗಿ, ಒಳಗೆ ಕೈಯಾಡಿಸಿ ನೋಡಿ. ಹೊರಗೆ ಎಷ್ಟೇ ಚಿತ್ತಾರವಿರಲಿ, ಒತ್ತುಗುಂಡು ಇಳಿದ ಒಳಮೈ ನುಣುಪಾಗಿರುತ್ತದೆ. ಹೊರಗಿನ ಉಬ್ಬಿಗೆ ತಕ್ಕಂತೆ ಒಳಗೂ ತಗ್ಗಿದ್ದರೆ ಅದು ಅಚ್ಚಿನೊಳಗೆ ಊದಿದ್ದು. ಅದೇ ಬೇರೆ ಜಾತಿ.

ಹಾಗೆಂದು ಅಚ್ಚಿನ ಗಾಜೆಲ್ಲ ಕಸವಲ್ಲ. ಈಗ ನವಿಲಿಗೆ ಬರೋಣ. ಇಂಗ್ಲೆಂಡಿನ ಗೇಟ್ಸ್‌ಹೆಡ್ ಊರಿನ ಸವರ್ಬಿ ಎಂಬ ಕಾರ್ಖಾನೆಯವರು 1876ರಲ್ಲಿ ನೋಂದಾಯಿಸಿದ ಮುದ್ರೆ ನವಿಲಿನ ತಲೆ. ನೀಲಿ ತಟ್ಟೆ ಮೈಸೂರಿನದಲ್ಲ. ಆದರೂ ಗುರುತು ತಿಳಿದವರು ಪ್ರೀತಿಯಿಂದ ಹುಡುಕಿ ಕೊಳ್ಳುವ ವಸ್ತು ಅದು. ಅದರ ಪಕ್ಕದಲ್ಲಿ ಬೆಣ್ಣೆಯ ಭರಣಿಯೊಂದಿದೆ. ಅದರ ತಳದಲ್ಲಿ ಗಾಳಿಪಟದ ಆಕಾರದ ಸಣ್ಣ ಚಿಹ್ನೆ ಕಾಣುತ್ತದೆ. ಬ್ರಿಟನ್ನಿನಲ್ಲಿ 1842ರಿಂದ 1883ರವರೆಗೆ ನೋಂದಾಯಿಸಿದ ವಿನ್ಯಾಸಗಳಿಗೆ ಇಂತಹ ಚಿಹ್ನೆ ಹಾಕುತ್ತಿದ್ದರು. ತುದಿಯ ಪುಟ್ಟ ವೃತ್ತದಲ್ಲಿ ರೋಮನ್ ಅಂಕಿ ಮೂರು ಇದ್ದರೆ ಗಾಜಿನ ವರ್ಗ. ಮೂಲೆಗಳ ಅಕ್ಷರ ಮತ್ತು ಅಂಕಿಗಳಿಂದ ದಿನ, ತಿಂಗಳು, ವರ್ಷಗಳನ್ನೂ ಓದಬಹುದು. 1884ರಿಂದ ಚಿಹ್ನೆ ಹೋಗಿ ಬರಿಯ ನೋಂದಣಿ ಸಂಖ್ಯೆ ಬಂತು. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಆ ದಿನಾಂಕ ವಿನ್ಯಾಸವನ್ನು ನೋಂದಾಯಿಸಿದ ದಿನ, ನಿಮ್ಮ ಭರಣಿ ಹುಟ್ಟಿದ ದಿನವಲ್ಲ. ಒಂದು ಅಚ್ಚಿನಿಂದ ಎಷ್ಟೋ ವರ್ಷಗಳ ಕಾಲ ಭರಣಿಗಳನ್ನು ತೆಗೆಯಬಹುದು.

ದೇಶದ ಹೆಸರಿನ ಮುದ್ರೆಗಳೂ ಹೀಗೆಯೇ ಪಂಚಾಂಗದ ಕೆಲಸ ಮಾಡುತ್ತವೆ. 'ಚೆಕೊಸ್ಲೊವಾಕಿಯಾ' ಎಂದು ಬರೆದಿದ್ದ ಹೂದಾನಿಯೊಂದರ ಮೇಲೆ 150 ವರ್ಷ ಹಳೆಯದು ಎಂಬ ಚೀಟಿಯಿದೆ. ಆ ದೇಶವೇ ಹುಟ್ಟಿದ್ದು 1918ರಲ್ಲಿ. ಅದಕ್ಕೆ ಮೊದಲು ಅಲ್ಲಿಯ ಗಾಜು ಬೊಹೀಮಿಯಾದ್ದು. 1992ರ ಕೊನೆಗೆ ಆ ದೇಶವೂ ಇಲ್ಲವಾಯಿತು. ಆಕ್ರಮಿತ ಜಪಾನ್ ಎಂಬ ಮುದ್ರೆಯಿದ್ದರೆ 1945ರಿಂದ 1952ರೊಳಗಿನದು.

ಇನ್ನು ಬೆಲ್ಜಿಯಂ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಚಿಕ್ಕ ದೇಶವು ಕಿಟಕಿಯ ಗಾಜನ್ನೂ ಕನ್ನಡಿಗಳನ್ನೂ ಲೋಕಕ್ಕೆಲ್ಲ ಕಳುಹಿಸಿತು. ಹೀಗಾಗಿ ನಮ್ಮಲ್ಲಿ ಒಳ್ಳೆಯ ಗಾಜೆಲ್ಲ ಬೆಲ್ಜಿಯಮ್ಮಿನದೇ ಆಯಿತು. ಲಿಯೇಜ್ ನಗರದ ಬಳಿ ವಾಲ್ ಸಾಂ ಲಾಂಬೇರ್ ಎಂಬ ಸ್ಫಟಿಕದ ಕಾರ್ಖಾನೆ 1826ರಲ್ಲಿ ಆರಂಭವಾಯಿತು. ಸಿಸ್ಟರ್ಸಿಯನ್ ಸಂನ್ಯಾಸಿಗಳ ಹಳೆಯ ಮಠದ ಕಟ್ಟಡಗಳೇ ಅದರ ನೆಲೆ. ಅದಕ್ಕಿಂತ ಹಳೆಯದಾದ ಫ್ರಾನ್ಸಿನ ಬಾಕರಾ ಕಾರ್ಖಾನೆಗೆ 1764ರಲ್ಲಿ ಹದಿನೈದನೆಯ ಲೂಯಿ ದೊರೆಯ ಅಪ್ಪಣೆಯನ್ನು ತಂದುಕೊಟ್ಟವರು ಮೆಟ್ಸ್ ನಗರದ ಧರ್ಮಾಧ್ಯಕ್ಷರು. ನಮ್ಮ ದೇಶದ ಅರಮನೆಗಳಿಗೆ ದೀಪಗುಚ್ಛಗಳನ್ನು ಒದಗಿಸಿದವರಲ್ಲಿ ಬಹಳ ಹೆಸರಾದವರು ಮಾತ್ರ ಬೆಲ್ಜಿಯಮ್ಮಿನವರಲ್ಲ, ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪೆನಿಯವರು. 1851ರ ಲಂಡನ್ ಮಹಾಪ್ರದರ್ಶನದ ನಡುವೆ 27 ಅಡಿ ಎತ್ತರದ ಗಾಜಿನ ಕಾರಂಜಿಯನ್ನು ನಿಲ್ಲಿಸಿದವರು ಅವರೇ. ಕಲ್ಕತ್ತೆಯಲ್ಲಿ ಅವರದೊಂದು ಮಳಿಗೆಯೂ ಇತ್ತು. ಆದುದರಿಂದ ದಯವಿಟ್ಟು 26 ಚೀಟಿಗಳಲ್ಲಿ 'ಬೆಲ್ಜಿಯಂ' ಎಂಬುದನ್ನು ಹೊಡೆದುಹಾಕಲು ನನಗೆ ಅನುಮತಿ ಕೊಡಬೇಕು. ಗುರುತಿಲ್ಲದ ಗಾಜಿಗೆ ಊರು ಹಚ್ಚುವುದಕ್ಕಿಂತ 'ಊದಿ ಕೊರೆದದ್ದು, ಮುದ್ರೆಯಿಲ್ಲ' ಎಂದು ಬರೆಯುವುದು ಮರ್ಯಾದೆ.

'ಸ್ಫಟಿಕ' ಎಂಬ ಮಾತೂ ನಮ್ಮನ್ನು ದಾರಿತಪ್ಪಿಸುತ್ತದೆ. ಸ್ಫಟಿಕವೆಂದರೆ ಭೂಮಿಯಲ್ಲಿ ದೊರೆಯುವ ಕಲ್ಲು. ಗಾಜಿನ ಅಂಗಡಿಯವರು ಸ್ಫಟಿಕವೆನ್ನುವುದು ಸೀಸ ಬೆರೆಸಿದ ಗಾಜನ್ನು. ಆ ಕಲ್ಲಿನ ಹೊಳಪನ್ನು ಅನುಕರಿಸಹೊರಟ ಗಾಜಿಗೆ ಕಲ್ಲಿನ ಹೆಸರೇ ಅಂಟಿಕೊಂಡಿತು. ಇದನ್ನು ಇಂಗ್ಲೆಂಡಿನಲ್ಲಿ ಹದಕ್ಕೆ ತಂದವನು ಜಾರ್ಜ್ ರೇವನ್ಸ್‌ಕ್ರಾಫ್ಟ್. ಕಥೋಲಿಕರಿಗೆ ಇಂಗ್ಲೆಂಡಿನಲ್ಲಿ ಕಷ್ಟದ ಕಾಲವದು. ಕಥೋಲಿಕ ಮನೆತನದ ಈತ ಸಮುದ್ರದಾಚೆಯ ದುಯೇ ಊರಿನ ಇಂಗ್ಲಿಷ್ ಕಾಲೇಜಿನಲ್ಲಿ ಓದಿ, ಬಹುಕಾಲ ವೆನಿಸಿನಲ್ಲಿ ವ್ಯಾಪಾರ ಮಾಡಿ, ಅಲ್ಲಿಯ ಗಾಜಿನ ಸೊಗಸನ್ನು ಕಂಡು ಬಂದವನು. 1674ರಲ್ಲಿ ಪೇಟೆಂಟ್ ಪಡೆದನು. ಆದರೆ ಅವನ ಮೊದಲ ಪಾತ್ರೆಗಳು ಕೆಲವೇ ಕಾಲದಲ್ಲಿ ಮಂಜು ಮುಸುಕಿದಂತಾಗಿ, ಮೈಯೆಲ್ಲ ಜೇಡರ ಬಲೆಯಂತೆ ಸೀಳಿದವು. ಪಾಕದಲ್ಲಿ ಕ್ಷಾರ ಹೆಚ್ಚಾಗಿತ್ತು. ಕೊಂಡವರ ದೂರು ಎಷ್ಟಿದ್ದಿರಬೇಕು! ಸೀಸದ ಆಕ್ಸೈಡನ್ನು ಹೆಚ್ಚಿಸಿ ದೋಷವನ್ನು ತಿದ್ದಿಕೊಂಡ ಮೇಲೆ, 1677ರ ಸುಮಾರಿಗೆ, ಒಳ್ಳೆಯ ಪಾತ್ರೆಗಳ ಮೇಲೆ ತನ್ನ ಹೆಸರಿಗೆ ಒಪ್ಪುವಂತೆ ಕಾಗೆಯ ಜಾತಿಯ ರೇವನ್ ಹಕ್ಕಿಯ ತಲೆಯ ಮುದ್ರೆಯನ್ನೊತ್ತಿದನು. ಇಂದು ಆ ಮುದ್ರೆಯಿರುವ ಗಾಜು ಉಳಿದಿರುವುದು ಬಹಳ ಕಡಿಮೆ, ಉಳಿದವುಗಳಲ್ಲಿ ಕೆಲವು ಸೀಳಿದವೇ. ಸೀಳಿದ್ದರೂ ವಸ್ತುಸಂಗ್ರಹಾಲಯಗಳು ಅವನ್ನು ಕಣ್ಣಿನಂತೆ ಕಾಯುತ್ತವೆ.

ಸೀಸವಿದೆಯೇ ಎಂದು ಮನೆಯಲ್ಲಿ ಹೇಗೆ ತಿಳಿಯುವುದು? ಬೆರಳಿನಿಂದ ತಟ್ಟಿ ನಾದ ಕೇಳುವುದು ಎಲ್ಲರೂ ಹೇಳುವ ಉಪಾಯ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ತೆಳುವಾದ ಬಟ್ಟಲು ಸೀಸವಿಲ್ಲದೆಯೂ ಗಂಟೆಯಂತೆ ನುಡಿಯುತ್ತದೆ, ಕಿರಿದಾದ ಕತ್ತಿನ ಕುಪ್ಪಿ ಸೀಸವಿದ್ದರೂ ಮೂಕವಾಗಿರುತ್ತದೆ. ಬಿರುಕಿದ್ದ ಪಾತ್ರೆಯನ್ನು ತಟ್ಟಿ ಎರಡು ಮಾಡಿದವರೂ ಇದ್ದಾರೆ. ನಾನು ನಂಬುವುದು ತಕ್ಕಡಿಯನ್ನು. ಪಾತ್ರೆಯನ್ನು ಒಣಗಿರುವಾಗ ತೂಗಿ. ಆಮೇಲೆ ಬಟ್ಟೆಯ ಪಟ್ಟಿಯಿಂದ ಭದ್ರವಾಗಿ ಕಟ್ಟಿ, ತಕ್ಕಡಿಯ ಕೊಕ್ಕೆಯಿಂದ ಬಕೆಟ್ಟಿನ ನೀರಿನಲ್ಲಿ ಪೂರ್ತಿ ಮುಳುಗುವಂತೆ ತೂಗಬಿಟ್ಟು, ಒಳಗೆ ಗಾಳಿಗುಳ್ಳೆ ನಿಲ್ಲದಂತೆ ನೋಡಿಕೊಂಡು, ಮತ್ತೆ ತೂಗಿ. ಕಡಿಮೆಯಾದ ತೂಕದಿಂದ ಮೊದಲ ತೂಕವನ್ನು ಭಾಗಿಸಿ. ಸಾಮಾನ್ಯ ಗಾಜಾದರೆ ಸುಮಾರು 2.5 ಬರುತ್ತದೆ. ಯೂರೋಪಿನ 1969ರ ನಿಯಮದಂತೆ ಸೀಸದ ಸ್ಫಟಿಕವೆನಿಸಿಕೊಳ್ಳಲು ನೂರಕ್ಕೆ 24 ಪಾಲು ಸೀಸದ ಆಕ್ಸೈಡು ಇರಬೇಕು. ಅಂತಹದರಲ್ಲಿ 2.9 ಅಥವಾ ಅದಕ್ಕಿಂತ ಹೆಚ್ಚು ಬರುತ್ತದೆ. ನನ್ನ ತಾಯಿಯ ಬೋಗುಣಿ ಒಣಗಿರುವಾಗ 870 ಗ್ರಾಂ, ನೀರಿನಲ್ಲಿ 520. ಕಡಿಮೆಯಾದದ್ದು 350. ಭಾಗಿಸಿದರೆ ಎರಡೂವರೆಗೂ ಒಂದು ಕೂದಲಷ್ಟು ಕಡಿಮೆ. ಆರ್ಕಿಮಿಡೀಸನನ್ನು ಪರೀಕ್ಷೆಗಾಗಿ ಉರುಹೊಡೆದಿದ್ದ ನಾನು 1974ರಲ್ಲಿ ಬಾವಿಕಟ್ಟೆಯ ಬಳಿಗೆ ಹತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು.

ಬಣ್ಣದ ವಿಷಯವನ್ನು ನಮ್ಮ ದೇವಾಲಯದ ನಿತ್ಯದೀಪದಿಂದಲೇ ಆರಂಭಿಸುತ್ತೇನೆ. ಅದರ ಕೆಂಪು ಗಾಜಿನಲ್ಲಿ ಚಿನ್ನವಿದೆ ಎಂದು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಆ ಮಾತು ಬುಡವಿಲ್ಲದ್ದಲ್ಲ. ಚಿನ್ನದಿಂದ ಗಾಜಿಗೆ ಕೆಂಪು ಕೊಡುವ ವಿದ್ಯೆಯನ್ನು ಫ್ಲಾರೆನ್ಸಿನ ಯಾಜಕ ಅಂತೋನಿಯೊ ನೇರಿ 1612ರಲ್ಲಿ ಅಚ್ಚಾದ ತನ್ನ ಗಾಜಿನ ಗ್ರಂಥದಲ್ಲಿ ಪ್ರಸ್ತಾಪಿಸಿದ್ದಾನೆ. ಆ ಗ್ರಂಥವನ್ನು 1679ರಲ್ಲಿ ಜರ್ಮನ್ ಭಾಷೆಗೆ ತಂದ ಯೋಹಾನ್ ಕುಂಕೆಲ್ ಪಾಟ್ಸ್‌ಡ್ಯಾಮಿನಲ್ಲಿ ಅದನ್ನು ಸಿದ್ಧಿಗೆ ತಂದನು. ಆದರೆ ಚಿನ್ನದ ಕೆಂಪು ಗುಲಾಬಿಯ ಕಡೆಗೆ ವಾಲುತ್ತದೆ. ಅದು ತೀಕ್ಷ್ಣವಾದ ಬಣ್ಣವಾದುದರಿಂದ ಬಿಳಿಯ ಗಾಜಿನ ಮೇಲೆ ಚರ್ಮದಂತೆ ತೆಳುವಾಗಿ ಹೊದಿಸುವುದೇ ಹೆಚ್ಚು. ಬಾಯಿಯ ಅಂಚನ್ನು ನೋಡಿದರೆ ಆ ಕೆಂಪು ಚರ್ಮವೂ ಬಿಳಿಯ ಮೈಯೂ ಬೇರೆಬೇರೆಯಾಗಿ ಕಾಣುತ್ತವೆ. ಬೊಹೀಮಿಯಾದಲ್ಲಿ 1830ರ ದಶಕದಲ್ಲಿ ಫ್ರೀಡ್ರಿಖ್ ಏಗರ್‌ಮನ್ ಬಳಕೆಗೆ ತಂದ ಕೆಂಪು ಇನ್ನೂ ತೆಳುವಾದ ಲೇಪ. ಕೊರೆದಲ್ಲೆಲ್ಲ ಬಿಳುಪು ಇಣುಕುತ್ತದೆ. ನಮ್ಮ ದೀಪದ ಗಾಜು ಅಂಚಿನಿಂದ ಅಂಚಿಗೆ ಒಂದೇ ಕೆಂಪು, ಬತ್ತಿ ಹೊತ್ತಿಸಿದಾಗ ಕಿತ್ತಳೆಯ ಛಾಯೆ. ಇದು 1890ರ ದಶಕದ ನಂತರ ಬಳಕೆಗೆ ಬಂದ ಸೆಲೆನಿಯಂ ಕೆಂಪು. ಚಿನ್ನ ಅದರಲ್ಲಿಲ್ಲ. ನೂರು ವರ್ಷಗಳ ದೇವಾಲಯಕ್ಕೆ ಆ ಗಾಜಿನ ವಯಸ್ಸು ಸರಿಯಾಗಿ ಹೊಂದುತ್ತದೆ ಎಂಬುದನ್ನೂ ಮರೆಯಬಾರದು.

ನಾನಿದನ್ನು ಪಾಲನಾ ಮಂಡಳಿಯಲ್ಲಿ ಹೇಳಿದಾಗ ಹಿರಿಯರೊಬ್ಬರಿಗೆ ಬೇಸರವಾಯಿತು. ಅವರಿಗೆ ನಾನು ಜಿನೋವಾ ನಗರದ ಪಾತ್ರೆಯ ಕಥೆಯನ್ನು ಹೇಳಿದೆ. ಅಲ್ಲಿಯ ಸಂತ ಲಾರೆನ್ಸರ ಪ್ರಧಾನಾಲಯದ ಭಂಡಾರದಲ್ಲಿ ಆರು ಮೂಲೆಗಳ ಹಸಿರು ಬೋಗುಣಿಯೊಂದಿದೆ. 1101ರಲ್ಲಿ ಸೆಸರಿಯಾ ನಗರದಿಂದ ಬಂದುದೆಂದು ಸಂಪ್ರದಾಯ. ಒಂದೇ ಪಚ್ಚೆಯ ಕಲ್ಲಿನಿಂದ ಕಡೆದದ್ದು, ಪ್ರಭುವಿನ ಕಡೆಯ ಭೋಜನದಲ್ಲಿ ಬಳಸಿದ್ದು ಎಂದು ಶತಮಾನಗಳ ಕಾಲ ಜನ ನಂಬಿದ್ದರು. ನೆಪೋಲಿಯನ್ನನ ಆಳಿಕೆಯಲ್ಲಿ, 1806ರಲ್ಲಿ, ಅದನ್ನು ಪ್ಯಾರಿಸಿಗೆ ಒಯ್ದರು. 1816ರಲ್ಲಿ ಅದು ಮರಳಿ ಬಂದದ್ದು ಚೂರುಗಳಾಗಿ, ಒಂದು ಚೂರು ಕಾಣೆಯಾಗಿ. ಪಚ್ಚೆಯಲ್ಲ, ಗಾಜು ಎಂಬುದೂ ಸ್ಪಷ್ಟವಾಯಿತು. ಜಿನೋವಾದವರು ಅದನ್ನು ಎಸೆಯಲಿಲ್ಲ. ಜೋಡಿಸಿ ಮತ್ತೆ ಭಂಡಾರದಲ್ಲಿಟ್ಟಿದ್ದಾರೆ, ಗಾಜೆಂದು ಹೇಳಿಯೇ ಇಟ್ಟಿದ್ದಾರೆ. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, "ಆದರೆ ನಮ್ಮ ದೀಪ ಒಡೆದಿಲ್ಲವಲ್ಲ" ಎಂದರು.

ಆ ಮಂಡಳಿಯ ಸಭೆ ಸೇರಿದ್ದು ಏಕೆಂಬುದನ್ನು ಕೆಲವರು ಬಲ್ಲಿರಿ, ಎಲ್ಲರಿಗೂ ತಿಳಿಯಲಿ ಎಂದು ಹೇಳುತ್ತೇನೆ. ಕಳೆದ ವರ್ಷ ಛಾವಣಿಯ ದುರಸ್ತಿಗೆ ಹಣ ಸಾಲದಿದ್ದಾಗ ಪರವೂರಿನ ಗೃಹಸ್ಥರೊಬ್ಬರು ಬಂದು ನಿತ್ಯದೀಪವನ್ನು ಬಹಳವಾಗಿ ಹೊಗಳಿದರು. ಕೊಳ್ಳುವ ಮಾತನ್ನೂ ಆಡಿದರು. ಹೋಗುವಾಗ, "ಸಕ್ರೀಸ್ತಿಯ ಕಪಾಟಿನಲ್ಲಿರುವ ಎರಡು ಹಳೆಯ ಕುಪ್ಪಿಗಳನ್ನೂ ಜೊತೆಗೆ ಕೊಟ್ಟುಬಿಡಿ, ಹೇಗೂ ಬಳಕೆಯಲ್ಲಿಲ್ಲ" ಎಂದರಂತೆ. ಈ ಮಾತನ್ನು ಕೇಳಿ ನನಗೆ ದೀಪಕ್ಕಿಂತ ಕುಪ್ಪಿಗಳ ಮೇಲೆ ಕುತೂಹಲ ಹುಟ್ಟಿತು. ಪೂಜೆಯ ದ್ರಾಕ್ಷಾರಸಕ್ಕೂ ನೀರಿಗೂ ಹಿಂದೆ ಬಳಸುತ್ತಿದ್ದ ಜೋಡಿ ಅದು. ಧೂಳಿನಲ್ಲಿ ಬಣ್ಣಗೆಟ್ಟಿದ್ದವು. ತೊಳೆದು ಮಗುಚಿ ನೋಡಿದೆ. ತಳದಲ್ಲಿ ನಯಗೊಳಿಸಿದ ಪಾಂಟಿಲ್ ತಗ್ಗು. ಕೊರೆತದ ಅಂಚು ಬೆರಳಿಗೆ ಚುಚ್ಚುವಷ್ಟು ಹರಿತ. ಗೆರೆಯಿಲ್ಲ. ಬಿರಡೆಯನ್ನು ತೆಗೆದು ಒಂದನ್ನು ತೂಗಿದೆ: ಒಣಗಿರುವಾಗ 312 ಗ್ರಾಂ, ನೀರಿನಲ್ಲಿ 208. ಭಾಗಿಸಿದರೆ ಸರಿಯಾಗಿ 3. ಬಿರಡೆಯ ಕೆಳಗಡೆ ಸೂಜಿಯಿಂದ ಗೀರಿದಂತೆ 7 ಎಂಬ ಅಂಕಿ. ಕತ್ತಿನ ಅಂಚಿನಲ್ಲಿಯೂ 7. ಎರಡನೆಯದರಲ್ಲಿ ಎರಡೂ ಕಡೆ 8. ಹಳೆಯ ಕಾರ್ಖಾನೆಗಳಲ್ಲಿ ಒಂದೊಂದು ಬಿರಡೆಯನ್ನೂ ಅದರದೇ ಕತ್ತಿಗೆ ಹೊಂದಿಕೊಳ್ಳುವಂತೆ ಉಜ್ಜುತ್ತಿದ್ದರು. ಅದಲುಬದಲಾಗದಿರಲೆಂದು ಹೀಗೆ ಅಂಕಿ ಹಾಕುತ್ತಿದ್ದರು. ಹಳೆಯ ಕುಪ್ಪಿಗೆ ಬೇರೆ ಬಿರಡೆ ಸೇರಿಸಿ ಜೋಡಿಯೆಂದು ಮಾರುವುದು ಈ ವ್ಯಾಪಾರದ ಮಾಮೂಲಿ ಚಳಕ. ನಮ್ಮವು ಹುಟ್ಟಿದಂದಿನಿಂದ ಬೇರೆಯಾಗದ ಜೋಡಿಗಳು. ತಳದ ಸವೆತವನ್ನು ಭೂತಗನ್ನಡಿಯಿಂದ ನೋಡಿದೆ. ನೂರಾರು ಸಣ್ಣ ಗೀರುಗಳು, ಒಂದೊಂದೂ ಒಂದೊಂದು ದಿಕ್ಕಿಗೆ. ಮರಳುಕಾಗದದಿಂದ ಮಾಡಿದ ಕೃತಕ ಸವೆತವಾದರೆ ಗೀರುಗಳು ಒಂದೇ ದಿಕ್ಕಿನಲ್ಲಿ ಸಾಲುಗಟ್ಟಿರುತ್ತವೆ. ಮುದ್ರೆಯಿಲ್ಲ. ಆದುದರಿಂದ ಕಾರ್ಖಾನೆಯ ಹೆಸರನ್ನು ನಾನು ಬರೆಯಲಿಲ್ಲ.

ಆ ಗೃಹಸ್ಥರು ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಕೊಳ್ಳುವವನು ತನ್ನ ಕಣ್ಣು ಎಲ್ಲಿದೆಯೆಂದು ಹೇಳಬೇಕೆಂಬ ಕಾನೂನಿಲ್ಲ. ಮಾರುವವನು ತಿಳಿದಿರಬೇಕು. ಕಾನೂನಿನ ಮಾತು ಬಂದುದರಿಂದ ಎರಡು ವಿಷಯಗಳನ್ನು ಹೇಳಿಬಿಡುತ್ತೇನೆ. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಕಲಾಕೃತಿ, ಕುಶಲಕೃತಿಗಳು ಪುರಾತನ ವಸ್ತುಗಳೆನಿಸುತ್ತವೆ. ಅವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಶತಮಾನೋತ್ಸವ ಆಚರಿಸುವ ದೇವಾಲಯದ ಮೂಲ ವಸ್ತುಗಳೆಲ್ಲ ಈಗ ಆ ವಯಸ್ಸನ್ನು ಮುಟ್ಟುತ್ತಿವೆ. ಎರಡನೆಯದಾಗಿ, ಕಲೆಯಿಂದಾಗಲಿ ಚರಿತ್ರೆಯಿಂದಾಗಲಿ ಅಮೂಲ್ಯವಾದ ಧರ್ಮಸಭೆಯ ಸ್ವತ್ತನ್ನು ಪರಭಾರೆ ಮಾಡಲು ಪವಿತ್ರ ಪೀಠದ ಅನುಮತಿ ಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1292ನೆಯ ವಿಧಿ ಹೇಳುತ್ತದೆ. ಛಾವಣಿಯನ್ನು ಹೇಗೆ ದುರಸ್ತಿ ಮಾಡಿದೆವೆಂಬುದು ನಿಮಗೆ ಗೊತ್ತು. ದೇಣಿಗೆ ಕೊಟ್ಟವರೇ ಇಲ್ಲಿ ಕುಳಿತಿದ್ದೀರಿ.

ಇಲ್ಲಿ ಒಂದು ವಿರುದ್ಧ ವಾದವನ್ನೂ ಹೇಳಬೇಕು, ಏಕೆಂದರೆ ಸಭೆಯಲ್ಲಿ ಅದನ್ನು ಯುವಕರೊಬ್ಬರು ಎತ್ತಿದ್ದರು. ಐದನೆಯ ಶತಮಾನದ ಆರಂಭದಲ್ಲಿ ತುಲೂಸಿನ ಧರ್ಮಾಧ್ಯಕ್ಷ ಎಕ್ಸುಪೇರಿಯುಸರು ಹಸಿದವರಿಗಾಗಿ ಎಲ್ಲವನ್ನೂ ಕೊಟ್ಟು, ಪ್ರಭುವಿನ ರಕ್ತವನ್ನು ಗಾಜಿನ ಪಾತ್ರೆಯಲ್ಲಿ ಕೊಂಡೊಯ್ಯುತ್ತಿದ್ದರೆಂದು ಸಂತ ಜೆರೋಮರು ಮೆಚ್ಚಿ ಬರೆದಿದ್ದಾರೆ. ಅಂದು ಗಾಜು ಬಡತನದ ಪಾತ್ರೆ. ಒಡೆಯುವ ವಸ್ತುವಾದುದರಿಂದ ಪಾನಪಾತ್ರೆಗೆ ಗಾಜು ಸಲ್ಲದೆಂದು ರೋಮಿನ 2004ರ ಆದೇಶ ಮತ್ತೆ ಸ್ಪಷ್ಟಪಡಿಸಿದೆ. ಕುಪ್ಪಿಗಳಿಗೆ ಆ ನಿಷೇಧವಿಲ್ಲ. ಹಸಿವಿಗಾಗಿ ಮಾರುವುದಾದರೆ ನಾನು ಅಡ್ಡ ಬರುವವನಲ್ಲ. ಹೆಂಚಿಗಾಗಿ, ಅದೂ ಏನೆಂದು ತಿಳಿಯದೆ, ಮಾರುವುದು ಬೇರೆ ಮಾತು ಎಂದು ಉತ್ತರಿಸಿದೆ. ಯುವಕರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಬೆಲೆ ಎಷ್ಟೆಂದು ನೀವು ಕೇಳುವಿರಿ. ಹಳೆಯದಾದ ಮಾತ್ರಕ್ಕೆ ಬೆಲೆಯಿಲ್ಲ. ರೋಮನ್ನರ ಕಾಲದ ಸಣ್ಣ ಸಾಧಾರಣ ಶೀಶೆಗಳು ಇಂದಿನ ಒಳ್ಳೆಯ ಹೂದಾನಿಗಿಂತ ಅಗ್ಗವಾಗಿ ದೊರೆಯುವುದುಂಟು. ಬೆಲೆ ಕಟ್ಟುವವರು ತಯಾರಕರನ್ನು, ಅಪರೂಪವನ್ನು, ಜೋಡಿ ಅಥವಾ ಗುಂಪು ಪೂರ್ಣವಾಗಿದೆಯೇ ಎಂಬುದನ್ನು ನೋಡುತ್ತಾರೆ. ಎಲ್ಲಕ್ಕಿಂತ ಮೊದಲು ಅಂಚಿನ ಸುತ್ತ ಉಗುರು ಆಡಿಸಿ ಚಕ್ಕೆ ಹಾರಿದೆಯೇ ಎಂದು ನೋಡುತ್ತಾರೆ. ಎಳ್ಳಿನಷ್ಟು ಚಕ್ಕೆಯೂ ಬೆಲೆಯನ್ನು ಬಹಳವಾಗಿ ಇಳಿಸುತ್ತದೆ. ಇದರ ಮೇಲೆ ಕಾಲದ ಅಭಿರುಚಿ ಬೇರೆ. ಅಜ್ಜಿಯರ ಕಾಲದ ಕೊರೆದ ಗಾಜಿನ ಲೋಟಗಳ ಸೆಟ್ಟನ್ನು ಇಂದಿನ ಮಕ್ಕಳು ಬಯಸುವುದಿಲ್ಲ. ಅದೇ ಹೊತ್ತಿಗೆ, ಮೂರನೆಯ ಮೇಜಿನ ಮೂಲೆಯಲ್ಲಿ ಯಾರೋ ಸಂಕೋಚದಿಂದ ಇಟ್ಟುಹೋದ, ಎಣ್ಣೆ ಹರಡಿದಂತೆ ಬಣ್ಣಬಣ್ಣವಾಗಿ ಮಿನುಗುವ ಲೋಟವನ್ನು ನೋಡಿ. ತಳದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಜೈನ್' ಎಂದಿದೆ. ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್‌ನವರದು. ಅಮೆರಿಕದ ಫೆಂಟನ್ ಕಂಪೆನಿ 1907ರಲ್ಲಿ ಮಾರುಕಟ್ಟೆಗೆ ತಂದ ಕಾರ್ನಿವಲ್ ಗಾಜಿನ ಭಾರತೀಯ ತಮ್ಮ. ಒಂದು ಕಾಲಕ್ಕೆ ಸಂತೆಯ ಸಾಮಾನು, ಇಂದು ಅಮೆರಿಕ, ಆಸ್ಟ್ರೇಲಿಯಗಳ ಸಂಗ್ರಾಹಕರೂ ಹುಡುಕುತ್ತಾರೆ. ಆ ಲೋಟದ ಮೇಲೆ ಮಾತ್ರ ಯಾವ ಚೀಟಿಯೂ ಇರಲಿಲ್ಲ. ಗೋಲಿ ಸೋಡಾದ ಬಾಟಲಿಯೂ ಅಷ್ಟೆ. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ಪೇಟೆಂಟ್ ಪಡೆದ ವಿನ್ಯಾಸ, ಅವನ ನಾಡಿನಲ್ಲಿ ಮರೆಯಾಗಿ ನಮ್ಮ ಪೇಟೆಗಳಲ್ಲಿ ಬಾಳಿತು.

ಕಡೆಯದಾಗಿ ಜೋಪಾನದ ಬಗ್ಗೆ ಒಂದೆರಡು ಮಾತು. ನಮ್ಮ ಕರಾವಳಿಯ ಮಳೆಗಾಲ ಗಾಜಿಗೂ ಒಳ್ಳೆಯದಲ್ಲ. ಕ್ಷಾರ ಹೆಚ್ಚಿರುವ ಹಳೆಯ ಗಾಜು ತೇವದಲ್ಲಿ ಬೆವರುತ್ತದೆ, ಮುಟ್ಟಿದರೆ ಜಾರುತ್ತದೆ. ರೇವನ್ಸ್‌ಕ್ರಾಫ್ಟನ ಪಾತ್ರೆಗಳ ರೋಗವೇ ಅದು. ಅಂತಹವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ಗಾಳಿಯಾಡುವ ಕಪಾಟಿನಲ್ಲಿಡಿ. ಬಿರಡೆಯನ್ನು ತೆಗೆದು, ಒಳಗೆ ಪೂರ್ತಿ ಒಣಗಿದ ಮೇಲೆಯೇ ಕುಪ್ಪಿಯನ್ನು ಇಡಿ. ಬಿಸಿನೀರು ಬೇಡ. ಸೀಸದ ಸ್ಫಟಿಕದಲ್ಲಿ ಉಪ್ಪಿನಕಾಯಿಯನ್ನಾಗಲಿ ದ್ರಾಕ್ಷಾರಸವನ್ನಾಗಲಿ ದಿನಗಟ್ಟಲೆ ಇಡಲೇಬೇಡಿ. ಹುಳಿಗೆ ಸೀಸ ಕರಗಿ ಇಳಿಯುತ್ತದೆ, ಅದು ವಿಷ. ಈ ಕಾರಣದಿಂದಲೇ ನಮ್ಮ ಜೋಡಿ ಕುಪ್ಪಿಗಳನ್ನು ಹಬ್ಬದ ಬಲಿಪೂಜೆಗೆ ಮಾತ್ರ ತೆಗೆದು, ಪೂಜೆಯ ಸ್ವಲ್ಪ ಮೊದಲು ತುಂಬಿ, ಮುಗಿದೊಡನೆ ತೊಳೆದಿಡಬೇಕೆಂದು ಸಕ್ರಿಸ್ತಾನರಿಗೆ ಬರೆದುಕೊಟ್ಟಿದ್ದೇನೆ.

ತಾಯಿಯ ಬೋಗುಣಿಯನ್ನೂ ಇಂದು ತಂದಿದ್ದೇನೆ, ಒಂದನೆಯ ಮೇಜಿನ ಮೇಲಿದೆ. ಮದುವೆಯ ಮರುವರ್ಷದ ಕ್ರಿಸ್ಮಸ್ಸಿಗೆ ಅದು ಪೆಟ್ಟಿಗೆಯಿಂದ ಹೊರಬಂದು ಮತ್ತೆ ಕುಸ್ವಾರ್ ಹೊತ್ತಿತು. ಮೊಮ್ಮಕ್ಕಳ ಕೈಯಲ್ಲಿ ಒಂದು ಮೂಲೆ ಚಕ್ಕೆಯೂ ಹಾರಿದೆ. ಚೀಟಿಯಲ್ಲಿ 'ಅಚ್ಚೊತ್ತಿದ ಗಾಜು, ಸೀಸವಿಲ್ಲ, ಅಜ್ಜ ಬೊಂಬಾಯಿಯಿಂದ ತಂದದ್ದು' ಎಂದು ಬರೆದಿದ್ದೇನೆ. ಹೆಬ್ಬೆರಳಿಗೆ ಗೆರೆ ಹೇಗೆ ಸಿಗುತ್ತದೆಂಬುದನ್ನು ಅದರ ಮೇಲೆಯೇ ಅಭ್ಯಾಸ ಮಾಡಿಕೊಳ್ಳಬಹುದು. ಎಡಗಡೆಯ ಬಾಗಿಲಿನ ಬಳಿ ನೀರಿನ ಬಕೆಟ್ಟನ್ನೂ ತಕ್ಕಡಿಯನ್ನೂ ಇಡಿಸಿದ್ದೇನೆ. ತಮ್ಮ ವಸ್ತುಗಳನ್ನು ತೂಗಿಸಬೇಕೆನ್ನುವವರು ಸಾಲಾಗಿ ಬರಬೇಕು, ಬಿರುಕಿದ್ದವನ್ನೂ ಅಂಟುಹಾಕಿದವನ್ನೂ ದಯವಿಟ್ಟು ತರಬಾರದು.